ವಿಜಯಪುರದ ದೊಡ್ಡ ಕಟ್ಟಡಕ್ಕೆ ನೆಲದ ತಂಪು, ನೆಲದ ಬಿಸಿ: ಭೂಶಾಖ ವ್ಯವಸ್ಥೆ ರೂಪಿಸುವ ಸಮಗ್ರ ಮಾರ್ಗದರ್ಶಿ

ಜನವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ಥರ್ಮಾಮೀಟರ್ ಹಿಡಿದು ನಿಮ್ಮ ಬೋರ್ ಹತ್ತಿರ ಹೋಗಿ. ಮೋಟರ್ ಚಾಲೂ ಮಾಡಿ ಹತ್ತು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತಿದ್ದ ತಣ್ಣೀರು ಹೋಗಿ ಆಳದ ನೀರು ಬರತೊಡಗುತ್ತದೆ. ಬಕೆಟ್ ಮೇಲೆ ಸಣ್ಣಗೆ ಹಬೆ ಆಡುತ್ತದೆ. ಗಾಳಿ 15-16 ಡಿಗ್ರಿ ಇದ್ದರೆ ನೀರು 28ರ ಆಸುಪಾಸು ಇರುತ್ತದೆ. ಅದೇ ಬೋರಿನ ನೀರನ್ನು ಮೇ ತಿಂಗಳ ಮಟಮಟ ಮಧ್ಯಾಹ್ನ ಅಳೆಯಿರಿ. ಹೊರಗೆ 41 ಡಿಗ್ರಿ, ನೀರು ಮಾತ್ರ ಅದೇ 28. ಒಂದು ಡಿಗ್ರಿ ಆಚೀಚೆ ಆದರೆ ಹೆಚ್ಚು.

ನಾವು ಬಳಸಿಕೊಳ್ಳಲು ಹೊರಟಿರುವುದು ಇದನ್ನೇ. ಭೂಶಾಖ ಅಂದ ಕೂಡಲೇ ಲಡಾಖಿನ ಪುಗಾ ಕಣಿವೆಯ ಬಿಸಿನೀರಿನ ಬುಗ್ಗೆ ನೆನಪಾಗುವುದು ಸಹಜ. ಇದು ಅದಲ್ಲ. ನೂರು ಮೀಟರ್ ಆಳದ ಬೋರುಗಳಲ್ಲಿ ಪ್ಲಾಸ್ಟಿಕ್ ಪೈಪು ಇಳಿಸಿ, ಅದರಲ್ಲಿ ನೀರು ತಿರುಗಿಸುತ್ತೇವೆ. ಕಟ್ಟಡದ ಬಿಸಿಯನ್ನು ಆ ನೀರು ನೆಲಕ್ಕೆ ಕೊಟ್ಟು ಬರುತ್ತದೆ. ಬಿಸಿ ಬೇಕಾದಾಗ ನೆಲದಿಂದ ತೆಗೆದುಕೊಂಡು ಬರುತ್ತದೆ. ನಡುವೆ ಹೀಟ್ ಪಂಪ್ ಕೂತು ಡಿಗ್ರಿಯನ್ನು ಏರಿಸುತ್ತದೆ, ಇಳಿಸುತ್ತದೆ. ಪೈಪು ಮುಚ್ಚಿದ ಲೂಪ್. ನೆಲದೊಳಗಿನ ನೀರನ್ನು ಒಂದು ಹನಿಯೂ ಎತ್ತುವುದಿಲ್ಲ.

ಹಳೆಯ ಊರುಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು, ಅಲ್ವಾ? ನೆಲ ಅಗೆದು ಹುಲ್ಲು ಹಾಸಿ, ಕಾಳು ಸುರಿದು ಮಣ್ಣಿನಿಂದ ಬಾಯಿ ಮುಚ್ಚುತ್ತಿದ್ದರು. ಬೋರುಗಳ ಈ ನೆಲವನ್ನು ಬಿಸಿಯ ಹಗೇವು ಅಂತಲೇ ತಿಳಿಯಿರಿ. ತುಂಬಿದ್ದನ್ನು ಖಾಲಿ ಮಾಡದೆ ಮತ್ತೆ ತುಂಬಲು ಆಗುವುದಿಲ್ಲ. ಚಳಿ ದೇಶಗಳ ಪುಸ್ತಕಗಳಲ್ಲಿ ಈ ಮಾತಿಗೆ ಅಷ್ಟು ಒತ್ತು ಇರುವುದಿಲ್ಲ, ಯಾಕಂದ್ರೆ ಅಲ್ಲಿ ಚಳಿಗಾಲದ ಹೀಟಿಂಗ್ ತಾನಾಗಿಯೇ ಹಗೇವು ಬರಿದು ಮಾಡುತ್ತದೆ. ನಮ್ಮಲ್ಲಿ ಹಾಗಲ್ಲ. ವಿಜಯಪುರದಲ್ಲಿ ಕೆಲಸ ಕೆಟ್ಟರೆ ಬಹುಪಾಲು ಇಲ್ಲೇ ಕೆಡುತ್ತದೆ.

ಹೆಜ್ಜೆ 1: ಕಟ್ಟಡದ ಹೊರೆ ಇಳಿಸಿ

ಒಂದು ಟನ್ ತಂಪು ಉಳಿಸಿದರೆ ಒಂದೂವರೆ ಬೋರ್ ಉಳಿಯಿತು ಅಂತ ಲೆಕ್ಕ ಹಿಡಿಯಿರಿ. ನಮ್ಮ ಮೇಲ್ಮುದ್ದೆ ಮನೆಗಳ ಮಣ್ಣಿನ ಮಾಳಿಗೆ ಯಾಕೆ ಅಷ್ಟು ದಪ್ಪ ಇತ್ತು? ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ; ಒಳಗೆ ಕಾಲಿಟ್ಟ ಕೂಡಲೇ ತಂಪು ತಿಳಿಯುತ್ತದೆ. ಇವತ್ತಿನ ಐದಿಂಚಿನ ಸ್ಲ್ಯಾಬಿಗೆ ಮೇಲಿನಿಂದ ಇನ್ಸುಲೇಷನ್ ಮತ್ತು ಬಿಳಿ ಟೈಲ್ಸ್, ಪಶ್ಚಿಮದ ಕಿಟಕಿಗಳಿಗೆ ನೆರಳು, ಇಷ್ಟಾದರೂ ಮಾಡಿಸಿ. ಬರೀ ಗಾಜಿನ ಮುಖದ ಕಟ್ಟಡಕ್ಕೆ ಭೂಶಾಖ ಹಾಕಿಕೊಡಿ ಅಂತ ಯಾರಾದರೂ ಕೇಳಿದರೆ, ಮೊದಲು ಗಾಜಿನ ಮಾತು ಆಡಿ.

ಹೆಜ್ಜೆ 2: ವರ್ಷದ ಲೆಕ್ಕ ಬರೆಯಿರಿ

ಸಾಮಾನ್ಯ ಎ.ಸಿ.ಗೆ ಅತಿ ಬಿಸಿಯ ದಿನದ ಟನ್ ಎಷ್ಟು ಅಂತ ತಿಳಿದರೆ ಸಾಕು. ಇಲ್ಲಿ ಸಾಲದು. ವರ್ಷಪೂರ್ತಿ ನೆಲಕ್ಕೆ ಎಷ್ಟು ಹಾಕುತ್ತೀರಿ, ಎಷ್ಟು ತೆಗೆಯುತ್ತೀರಿ ಅನ್ನುವುದು ಬೇಕು. ತಿಂಗಳಿಗೊಂದು ಸಾಲಿನಂತೆ ಹನ್ನೆರಡು ಸಾಲು ಬರೆಯಿರಿ.

ಒಂದು ಉದಾಹರಣೆ ಹಿಡಿಯೋಣ: ವಿಜಯಪುರದಲ್ಲಿ ನೂರು ಹಾಸಿಗೆಯ ಆಸ್ಪತ್ರೆ. ಗರಿಷ್ಠ ತಂಪು 60 ಟನ್. ಒಂದು ಟನ್ ಅಂದರೆ 3.517 ಕಿಲೋವ್ಯಾಟ್, ಹಾಗಾಗಿ 211 ಕಿಲೋವ್ಯಾಟ್. ಯಂತ್ರ ನಾಲ್ಕು ಪಾಲು ತಂಪಿಗೆ ಒಂದು ಪಾಲು ಕರೆಂಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಆ ಕರೆಂಟೂ ಕೊನೆಗೆ ಬಿಸಿಯೇ ಆಗುತ್ತದೆ. ಹೊರಹಾಕಬೇಕಾದ ಬಿಸಿ 264 ಕಿಲೋವ್ಯಾಟ್. ಯಂತ್ರ ವರ್ಷಕ್ಕೆ 1,500 ಗಂಟೆ ಪೂರ್ತಿ ಹೊರೆಯಲ್ಲಿ ಓಡಿದಷ್ಟು ಕೆಲಸ ಇದ್ದರೆ 3.96 ಲಕ್ಷ ಯೂನಿಟ್ (ಕಿಲೋವ್ಯಾಟ್-ಗಂಟೆ) ಬಿಸಿ.

ಈಗ ತೆಗೆಯುವ ಕಡೆ. ಆಸ್ಪತ್ರೆಗೆ ದಿನಕ್ಕೆ 10,000 ಲೀಟರ್ ಬಿಸಿನೀರು ಬೇಕು, 28 ಡಿಗ್ರಿಯಿಂದ 55 ಡಿಗ್ರಿಗೆ. ಅದಕ್ಕೆ ದಿನಕ್ಕೆ 314 ಯೂನಿಟ್. ಹೀಟ್ ಪಂಪಿನಿಂದ ಕಾಯಿಸಿದರೆ ಅದರಲ್ಲಿ ಸುಮಾರು 224 ಯೂನಿಟ್ ನೆಲದಿಂದ ಬರುತ್ತದೆ, ಉಳಿದದ್ದು ಕರೆಂಟಿನಿಂದ. ವರ್ಷಕ್ಕೆ 82,000 ಯೂನಿಟ್. ಕೋಣೆ ಬೆಚ್ಚಗೆ ಮಾಡುವುದು ವಿಜಯಪುರದಲ್ಲಿ ಹೆಚ್ಚುಕಡಿಮೆ ಸೊನ್ನೆ. ಬೆಳಗಾವಿಯಲ್ಲಿ ಡಿಸೆಂಬರ್-ಜನವರಿಯಲ್ಲಿ ವಾರ್ಡುಗಳಿಗೆ ಒಂದಿಷ್ಟು ಬೇಕಾದೀತು. ಅದೂ ಹೆಚ್ಚೇನಲ್ಲ.

ಹಾಕುವುದು 3.96 ಲಕ್ಷ, ತೆಗೆಯುವುದು 0.82 ಲಕ್ಷ. ಎಲ್ಲ ಬಿಸಿಯನ್ನೂ ನೆಲಕ್ಕೇ ಕೊಟ್ಟರೆ ಏನಾಗುತ್ತದೆ ನೋಡಿ. ಬೋರಿನ ಒಂದು ಮೀಟರಿಗೆ 30 ವ್ಯಾಟ್ ಅಂತ ಹಿಡಿದರೆ ನೂರು ಮೀಟರಿನ 88 ಬೋರ್ ಬೇಕು. 6 ಮೀಟರ್ ಅಂತರದಲ್ಲಿ ಅವು ಹಿಡಿಯುವ ಕಲ್ಲು ಸುಮಾರು 3.17 ಲಕ್ಷ ಘನ ಮೀಟರ್. ಅಷ್ಟು ಕಲ್ಲನ್ನು ಒಂದು ಡಿಗ್ರಿ ಬಿಸಿ ಮಾಡಲು ಹತ್ತಿರಹತ್ತಿರ 1.94 ಲಕ್ಷ ಯೂನಿಟ್ ಸಾಕು. ವರ್ಷಕ್ಕೆ ಉಳಿಯುವುದು 3.14 ಲಕ್ಷ. ಅಂದರೆ ನೆಲ ಪ್ರತಿವರ್ಷ ಒಂದೂವರೆ ಡಿಗ್ರಿ ಮೇಲೇರುತ್ತದೆ. ಅಂಚಿನಿಂದ ಸ್ವಲ್ಪ ಸೋರಿ ಹೋಗುತ್ತದೆ ನಿಜ. ಆದರೆ ನಟ್ಟನಡುವಿನ ಬೋರುಗಳಿಗೆ ಆ ಅನುಕೂಲ ಇಲ್ಲ. ಏಳೆಂಟು ವರ್ಷಕ್ಕೆ ಹಗೇವು ತುಂಬಿ ತುಳುಕುತ್ತದೆ. ಆಮೇಲೆ ಮೇ ತಿಂಗಳಲ್ಲಿ ಯಂತ್ರ ಟ್ರಿಪ್ ಆಗುತ್ತದೆ.

ಆದ್ದರಿಂದ ಹೀಗೆ ಹಂಚಿ. ಮೊದಲ ಹಕ್ಕು ಬಿಸಿನೀರಿನ ಟ್ಯಾಂಕಿಗೆ: ತಂಪು ಮಾಡುವ ಯಂತ್ರ ಓಡುತ್ತಿರುವಾಗ ಅದರ ಬಿಸಿ ನೇರವಾಗಿ ಅಲ್ಲಿಗೇ ಹೋಗಲಿ, ನೆಲವನ್ನು ಮುಟ್ಟುವುದೇ ಬೇಡ. ಎರಡನೆಯದು ನೆಲ: 24 ಬೋರ್, 72 ಕಿಲೋವ್ಯಾಟ್, ವರ್ಷಕ್ಕೆ 1.08 ಲಕ್ಷ ಯೂನಿಟ್. ಉಳಿದದ್ದು ಕೂಲಿಂಗ್ ಟವರಿಗೆ, ಅಂದರೆ ನೀರನ್ನು ಆವಿ ಮಾಡಿ ಬಿಸಿಯನ್ನು ಗಾಳಿಗೆ ಬಿಡುವ ಗೋಪುರಕ್ಕೆ.

ಆ 1.08 ಲಕ್ಷವನ್ನು ಖಾಲಿ ಮಾಡುವುದು ಹೇಗೆ? ರಾತ್ರಿಯಲ್ಲಿ, ಚಳಿಗಾಲದಲ್ಲಿ ಬಿಸಿನೀರಿನ ಹೀಟ್ ಪಂಪ್ ನೆಲದಿಂದ ಸುಮಾರು 60,000 ಯೂನಿಟ್ ಎಳೆಯುತ್ತದೆ. ಇನ್ನುಳಿದಿದ್ದಕ್ಕೆ ನನಗೆ ಬಹಳ ಇಷ್ಟವಾದ ಉಪಾಯ ಒಂದಿದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ಗಾಳಿ 15-18 ಡಿಗ್ರಿಗೆ ಇಳಿಯುತ್ತದೆ, ಲೂಪಿನ ನೀರು 29-30 ಇರುತ್ತದೆ. ಮಾಳಿಗೆಯ ಮೇಲೆ ಪೈಪಿನೊಳಗಿನ ನೀರನ್ನು ಫ್ಯಾನಿನ ಗಾಳಿಯಿಂದ ತಣಿಸುವ ಒಂದು ಡ್ರೈ ಕೂಲರ್ ಇಟ್ಟು, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಬರೀ ಫ್ಯಾನ್ ಮತ್ತು ಪಂಪ್ ಓಡಿಸಿ. 60 ಕಿಲೋವ್ಯಾಟಿನಂತೆ 90 ರಾತ್ರಿಗೆ 43,000 ಯೂನಿಟ್ ಬಿಸಿ ಹೊರಗೆ ಹೋಯಿತು. ಕಂಪ್ರೆಸರ್ ಇಲ್ಲ, ಒಂದು ಹನಿ ನೀರೂ ಇಲ್ಲ. ಚಳಿಗಾಲದ ತಂಪನ್ನು ಬೇಸಿಗೆಗೆ ಕೂಡಿಟ್ಟಂತಾಯಿತು.

ಹಾಗಾದರೆ ಎಲ್ಲವನ್ನೂ ಕೂಲಿಂಗ್ ಟವರಿಗೇ ಕೊಟ್ಟರೆ ಆಗದೇ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಣಹವೆಯ ಊರಲ್ಲಿ ಟವರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಟವರ್ ಕುಡಿಯುವುದು ನೀರು. ಒಂದು ಯೂನಿಟ್ ಬಿಸಿಗೆ ಒಂದೂವರೆ ಲೀಟರ್ ಆವಿಯಾಗಿ ಹೋಗುತ್ತದೆ. ಉಪ್ಪು ಕಟ್ಟದಂತೆ ಚೆಲ್ಲುವ ನೀರು ಅದರ ಅರ್ಧದಷ್ಟು. ಎಲ್ಲ ಬಿಸಿಯೂ ಟವರಿಗೆ ಹೋದರೆ ವರ್ಷಕ್ಕೆ ಸುಮಾರು 8.9 ಲಕ್ಷ ಲೀಟರ್. ಮೇಲಿನಂತೆ ಹಂಚಿದರೆ 6 ಲಕ್ಷ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐವತ್ತೈದು-ಅರವತ್ತು ಟ್ಯಾಂಕರ್ ಉಳಿಯಿತು. 1620ರಲ್ಲಿ ತಾಜ್ ಬಾವಡಿ ಕಟ್ಟಿ ಹನಿ ನೀರಿಗೂ ದಾರಿ ಮಾಡಿದ ಊರು ಇದು. ಇಲ್ಲಿ ಆ ಅರವತ್ತು ಟ್ಯಾಂಕರ್ ಸಣ್ಣ ಮಾತಲ್ಲ.

ಹೆಜ್ಜೆ 3: ಕೆಳಗಿರುವ ಕಲ್ಲು ಯಾವುದು?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ನೆಲ ಒಂದೇ ಥರ ಇಲ್ಲ. ವಿಜಯಪುರ ಊರಿನ ಕೆಳಗೆ ದಖ್ಖನ್ ಟ್ರ್ಯಾಪಿನ ಬಸಾಲ್ಟ್, ಅಂದರೆ ಲಾವಾ ಪದರದ ಮೇಲೆ ಪದರ ಕೂತ ಕರಿಕಲ್ಲು. ಬಿಸಿ ಹರಿಯುವ ಗುಣ ಮಧ್ಯಮ: ಗಟ್ಟಿ ಬಸಾಲ್ಟಿಗೆ ಸುಮಾರು 1.5ರಿಂದ 2, ರಂಧ್ರ ತುಂಬಿದ ಬಸಾಲ್ಟಿಗೆ ಇನ್ನೂ ಕಡಿಮೆ. ಈ ಅಂಕಿಯ ಅಳತೆ ಮೀಟರ್-ಡಿಗ್ರಿಗೆ ವ್ಯಾಟ್. ತಾಳಿಕೋಟೆ ಕಡೆ ಸುಣ್ಣಕಲ್ಲು ಸಿಗುತ್ತದೆ. ಬಾಗಲಕೋಟೆಯಲ್ಲಿ ಕಲಾದಗಿ ಶ್ರೇಣಿಯ ಸುಣ್ಣಕಲ್ಲು, ಮರಳುಗಲ್ಲು, ಕ್ವಾರ್ಟ್‌ಜೈಟ್; ಇಳಕಲ್ ಕಡೆ ಗ್ರಾನೈಟ್. ಗ್ರಾನೈಟಿಗೆ 2.5ರಿಂದ 3.5. ಕ್ವಾರ್ಟ್‌ಜೈಟ್ 5 ದಾಟಬಹುದು, ಬಿಸಿ ಹರಿಸುವುದರಲ್ಲಿ ರಾಜ ಅದು. ಆದರೆ ಬಿಟ್ ಬೇಗ ಸವೆಯುತ್ತದೆ, ಕೊರೆಯುವ ದರ ಏರುತ್ತದೆ. ಬೆಳಗಾವಿಯಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಬಸಾಲ್ಟ್. ಊರು ಎತ್ತರದಲ್ಲಿರುವುದರಿಂದ ನೆಲವೂ ಎರಡು ಮೂರು ಡಿಗ್ರಿ ತಂಪು. ಒಂದೇ ಆಸ್ಪತ್ರೆ ಬೆಳಗಾವಿಯಲ್ಲಿದ್ದರೆ ಲೆಕ್ಕ ಎಷ್ಟೋ ಸಲೀಸು.

ವಿಡಿಯೋಗಳಲ್ಲಿ ಪೈಪನ್ನು ಸುರುಳಿ ಮಾಡಿ ಆಳೆತ್ತರದ ಗುಂಡಿಯಲ್ಲಿ ಮಲಗಿಸುವುದನ್ನು ತೋರಿಸುತ್ತಾರೆ. ನಮ್ಮ ಎರೆ ಭೂಮಿಯಲ್ಲಿ ಅದನ್ನು ಮಾಡಬೇಡಿ. ಏಪ್ರಿಲ್ ಹೊತ್ತಿಗೆ ಎರೆ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪೈಪಿನ ಸುತ್ತ ಗಾಳಿ ನಿಲ್ಲುತ್ತದೆ, ಬಿಸಿ ಹರಿಯುವುದಿಲ್ಲ. ತಂಪು ಬೇಕಾದ ತಿಂಗಳಲ್ಲೇ ಕೈ ಕೊಡುತ್ತದೆ. ಬಾಗಲಕೋಟೆ ನವನಗರದ ಪಕ್ಕದ ಆಲಮಟ್ಟಿ ಹಿನ್ನೀರಿನಲ್ಲಿ ಲೂಪ್ ಮುಳುಗಿಸೋಣ ಅನ್ನುವ ಮಾತಿಗೂ ಇದೇ ಉತ್ತರ. ಮಳೆಗಾಲ ಮುಗಿಯುವಾಗ 519.6 ಮೀಟರ್ ತುಂಬಿ ನಿಂತ ನೀರು ಬೇಸಿಗೆಗೆ ಬಹಳ ದೂರ ಸರಿದಿರುತ್ತದೆ.

ಹೆಜ್ಜೆ 4: ಒಂದೇ ಬೋರ್ ಕೊರೆದು ಪರೀಕ್ಷೆ ಮಾಡಿ

ಎಲ್ಲ ಬೋರಿಗೂ ಆರ್ಡರ್ ಕೊಡುವ ಮೊದಲು ಒಂದು ಬೋರ್ ಕೊರೆಸಿ. ಬೋರ್ ಕೊರೆಯುವ ಗಾಡಿ ಬಂದಾಗ ನೀವು ಅಲ್ಲೇ ಇರಬೇಕು. ಪ್ರತಿ ಹತ್ತು ಅಡಿಗೆ ಒಂದು ಹಿಡಿ ಪುಡಿ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಆಳ ಬರೆಯಿರಿ. ನಾನು ನಿಂತು ನೋಡಿದ ಒಂದು ಬೋರಿನಲ್ಲಿ ಮೊದಲು ಎರೆ, ಆಮೇಲೆ ಗರಸು, ಆಮೇಲೆ ಬೂದುಬಣ್ಣದ ಒಣ ಪುಡಿ ಮೋಡದ ಹಾಗೆ ಎದ್ದಿತು. 140 ಅಡಿಗೆ ಇದ್ದಕ್ಕಿದ್ದ ಹಾಗೆ ಇಟ್ಟಂಗಿ ಬಣ್ಣದ ರಾಡಿ ಬಂತು. "ಕೆಂಪು ಪದರ ಹತ್ತೇತ್ರಿ ಸರ್, ಇದು ಕುಸೀತೈತಿ" ಅಂದ ಏಜೆಂಟ್. ಎರಡು ಲಾವಾ ಹರಿವುಗಳ ನಡುವಿನ ಕೆಂಪು ಮಣ್ಣು ಅದು. ಅಲ್ಲಿ ಬೋರಿನ ಗೋಡೆ ಕುಸಿದರೆ ಪೈಪು ಇಳಿಯುವುದಿಲ್ಲ. ಆ ಒಂದು ಮಾತಿನಿಂದ ಉಳಿದ ಬೋರುಗಳಿಗೆ ಗೋಡೆ ಕುಸಿಯದಂತೆ ಹಿಡಿಯುವ ಕೇಸಿಂಗ್ ಪೈಪು ಎಷ್ಟು ಬೇಕು ಅನ್ನುವುದು ಗೊತ್ತಾಯಿತು. ಗಾಡಿಯವರ ಅನುಭವವನ್ನು ಕಿವಿಗೊಟ್ಟು ಕೇಳಿ.

ಪೈಪು ಇಳಿಸಿ, ಅದರ ಸುತ್ತಲಿನ ಸಂದಿಗೆ ಗ್ರೌಟ್ ಮಿಶ್ರಣ ತುಂಬಿದ ಮೇಲೆ ಐದು ದಿನ ಸುಮ್ನೆ ಬಿಡಿ. ಕೊರೆದ ಬಿಸಿ, ಗ್ರೌಟಿನ ಬಿಸಿ ಇಳಿಯಲಿ. ಆಮೇಲೆ ಹೀಟರ್ ಹಚ್ಚದೆ ಬರೀ ನೀರು ತಿರುಗಿಸಿ ನೆಲದ ನಿಜವಾದ ಡಿಗ್ರಿ ಅಳೆಯಿರಿ. ನಂತರ ಮೀಟರಿಗೆ 60 ವ್ಯಾಟಿನಂತೆ, ಅಂದರೆ ನೂರು ಮೀಟರಿಗೆ 6 ಕಿಲೋವ್ಯಾಟ್ ಹೀಟರ್ ಹಚ್ಚಿ 48 ಗಂಟೆ ಓಡಿಸಿ. ಹೋಗುವ ನೀರು, ಬರುವ ನೀರಿನ ಡಿಗ್ರಿಯನ್ನು ನಿಮಿಷ ನಿಮಿಷಕ್ಕೂ ದಾಖಲಿಸಿ. ನಡುವೆ ಕರೆಂಟ್ ಹೋದರೆ ಪರೀಕ್ಷೆ ಕೆಟ್ಟಿತು. ಅದಕ್ಕೆ ಮೊದಲಿನಿಂದಲೇ ಜನರೇಟರಿನ ಮೇಲೆ ಓಡಿಸುವುದು ಒಳ್ಳೆಯದು.

ಫಲಿತಾಂಶ ಓದಲು ಸುಲಭ ದಾರಿ ಇದೆ. 10ನೇ ಗಂಟೆಯಿಂದ 27ನೇ ಗಂಟೆಯವರೆಗೆ ನೀರಿನ ಸರಾಸರಿ ಡಿಗ್ರಿ ಎಷ್ಟು ಏರಿತು ನೋಡಿ. ಮೀಟರಿಗೆ ಕೊಟ್ಟ ವ್ಯಾಟನ್ನು ಆ ಏರಿಕೆಯಿಂದ ಮತ್ತು 12.57ರಿಂದ ಭಾಗಿಸಿ. 60 ವ್ಯಾಟಿಗೆ 2.8 ಡಿಗ್ರಿ ಏರಿದ್ದರೆ ಉತ್ತರ 1.7. ನಿಮ್ಮ ಬಸಾಲ್ಟಿನಲ್ಲಿ ಬಿಸಿ ಹರಿಯುವ ಗುಣದ ಅಂಕಿ ಅದು, ಪುಸ್ತಕದ್ದಲ್ಲ.

ಹೆಜ್ಜೆ 5: ಬೋರ್ ಎಷ್ಟು, ಎಲ್ಲಿ, ಎಷ್ಟು ದೂರ

30 ವ್ಯಾಟ್ ಎಲ್ಲಿಂದ ಬಂತು ಅಂತ ಈಗ ಹೇಳುತ್ತೇನೆ. ಬೇಸಿಗೆಯ ಅತಿ ಬಿಸಿಯ ದಿನ ಲೂಪಿನ ನೀರು ಯಂತ್ರಕ್ಕೆ 35 ಡಿಗ್ರಿಯಲ್ಲಿ ಬರಲಿ, 40ಕ್ಕೆ ಹೋಗಲಿ. ಸರಾಸರಿ 37.5. ನೆಲ 28.5. ನಡುವಿನ ಅಂತರ 9 ಡಿಗ್ರಿ ಮಾತ್ರ. ಗ್ರೌಟು, ಕಲ್ಲು ಎಲ್ಲ ಸೇರಿ ಒಡ್ಡುವ ತಡೆ 0.3 ಅಂತ ಹಿಡಿದರೆ 9 ಭಾಗ 0.3, ಅಂದರೆ 30. ಇದು ಮೊದಲ ಅಂದಾಜು. ಪರೀಕ್ಷೆಯ ಅಂಕಿ ಬಂದ ಮೇಲೆ ಜಿಎಲ್‌ಎಚ್‌ಇಪ್ರೊ ಅಥವಾ ಇಇಡಿಯಂಥ ಸಾಫ್ಟ್‌ವೇರಿನಲ್ಲಿ ಹನ್ನೆರಡು ತಿಂಗಳ ಲೆಕ್ಕ ಹಾಕಿ, 25 ವರ್ಷ ಓಡಿಸಿ ನೋಡಿ. ಇಪ್ಪತ್ತೈದನೇ ವರ್ಷದ ಮೇ ತಿಂಗಳಲ್ಲೂ ಯಂತ್ರಕ್ಕೆ ಬರುವ ನೀರು 36 ದಾಟದಿದ್ದರೆ ಡಿಸೈನ್ ನಿಂತಿತು. ದಾಟಿದರೆ ಬೋರ್ ಹೆಚ್ಚಿಸುವ ಮೊದಲು ನೆಲಕ್ಕೆ ಕೊಡುವ ಬಿಸಿಯನ್ನು ತಗ್ಗಿಸಿ ನೋಡಿ.

ಬೋರುಗಳ ನಡುವೆ 6 ಮೀಟರ್ ಕನಿಷ್ಠ. ಜಾಗ ಇದ್ದರೆ 7 ಬಿಡಿ. ಚೌಕಾಕಾರಕ್ಕಿಂತ ಉದ್ದನೆಯ ಸಾಲು ಉತ್ತಮ, ಅಂಚಿನಿಂದ ಬಿಸಿ ಹೊರಗೆ ಹೋಗಲು ದಾರಿ ಜಾಸ್ತಿ. ಪಾರ್ಕಿಂಗ್ ಕೆಳಗೆ ಹಾಕಬಹುದು. ಕಂಪೌಂಡಿನ ಕುಡಿಯುವ ನೀರಿನ ಬೋರಿನಿಂದ ಮಾತ್ರ ದೂರ ಇರಿ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ನೀರು ಎತ್ತದ ಬೋರ್ ಅಂತ ನೀವೇ ತೀರ್ಮಾನಿಸಿ ಕೊರೆಯಬೇಡಿ, ಜಿಲ್ಲಾ ಅಂತರ್ಜಲ ಕಚೇರಿಗೆ ಡ್ರಾಯಿಂಗ್ ಸಮೇತ ಬರೆದು ಕೇಳಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಕೊರೆದ ಪ್ರತಿ ಬೋರಿಗೂ ಆ ಸಂಜೆಯೇ ಬಿಗಿಯಾದ ಮುಚ್ಚಳ ಹಾಕಿಸಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವಿಗಾಗಿ ಇಡೀ ಜಿಲ್ಲೆ ರಾತ್ರಿಯೆಲ್ಲ ಕಾದು ಕೂತಿತ್ತು. ಮಗು ಬದುಕಿ ಬಂತು. ನಿಮ್ಮ ಸೈಟಿನಲ್ಲಿ ಒಂದಲ್ಲ, 24 ಬಾಯಿಗಳು ತೆರೆದಿರುತ್ತವೆ.

ಹೆಜ್ಜೆ 6: ಪೈಪು ಮತ್ತು ಗ್ರೌಟ್

ಪೈಪು ಪಿಇ 100 ದರ್ಜೆಯ ಎಚ್‌ಡಿಪಿಇ, ಎಸ್‌ಡಿಆರ್ 11 (ಹೊರ ವ್ಯಾಸ ಗೋಡೆಯ ದಪ್ಪದ ಹನ್ನೊಂದರಷ್ಟು), 32 ಮಿಲಿಮೀಟರ್. ಕೆಳಗಿನ ಯು-ಬೆಂಡ್ ಕಾರ್ಖಾನೆಯಲ್ಲೇ ಬೆಸೆದು ಬಂದಿರಬೇಕು. ನೆಲದೊಳಗೆ ಸ್ಕ್ರೂ ಇರುವ ಫಿಟ್ಟಿಂಗ್ ಒಂದೂ ಬೇಡ, ಎಲ್ಲ ಬೆಸುಗೆಯೇ. ಇಳಿಸುವ ಮೊದಲು ನೀರು ತುಂಬಿ ಒತ್ತಡ ಕೊಟ್ಟು ನೋಡಿ. ಇಳಿಸಿದ ಮೇಲೆ ಮತ್ತೆ. ಗ್ರೌಟ್ ಆದ ಮೇಲೆ ಇನ್ನೊಮ್ಮೆ.

ಗ್ರೌಟ್ ಅಂದರೆ ಬೆಂಟೊನೈಟ್ ಮತ್ತು ಸಿಲಿಕಾ ಮರಳಿನ ಮಿಶ್ರಣ. ಅದನ್ನು ಉದ್ದನೆಯ ಪೈಪಿನಿಂದ ಬೋರಿನ ತಳಕ್ಕೆ ಪಂಪ್ ಮಾಡಿ, ಕೆಳಗಿನಿಂದ ಮೇಲಕ್ಕೆ ತುಂಬಿಸಿಕೊಂಡು ಬರಬೇಕು. ಇದರಲ್ಲಿ ರಾಜಿ ಬೇಡ. ಒಂದು ಸೈಟಿನಲ್ಲಿ ನಾನು ಅರ್ಧ ದಿನ ಇರಲಿಲ್ಲ. ವಾಪಸ್ ಬರುವಷ್ಟರಲ್ಲಿ ಗುತ್ತಿಗೆದಾರನ ಆಳುಗಳು ಕೊರೆದ ಪುಡಿಯನ್ನೇ ಸಲಿಕೆಯಿಂದ ಬೋರಿಗೆ ಸುರಿದಿದ್ದರು. ಮೇಲಿನಿಂದ ನೋಡಿದರೆ ಬೋರ್ ತುಂಬಿತ್ತು. ಪರೀಕ್ಷೆಯಲ್ಲಿ ನೀರಿನ ಡಿಗ್ರಿ ಮೊದಲ ಗಂಟೆಯಲ್ಲೇ ಸರ್ರನೆ ಏರಿತು. ಪುಡಿ ಎಲ್ಲೋ ನಡುವೆ ಸಿಕ್ಕಿಕೊಂಡು, ಅದರ ಕೆಳಗೆ ಪೈಪು ಬರೀ ಗಾಳಿಯಲ್ಲಿ ನೇತಾಡುತ್ತಿತ್ತು. ಆ ಬೋರನ್ನು ಬಿಟ್ಟುಬಿಡಬೇಕಾಯಿತು. ಅಂದಿನಿಂದ ಪ್ರತಿ ಬೋರಿಗೆ ಹೋದ ಗ್ರೌಟಿನ ಚೀಲ ಎಣಿಸಿ ಬರೆಸುತ್ತೇನೆ. ಬೋರಿನ ಗಾತ್ರದಿಂದ ಬರುವ ಲೆಕ್ಕಕ್ಕಿಂತ ಚೀಲ ಕಡಿಮೆ ಬಿದ್ದರೆ ಒಳಗೆ ಪೊಳ್ಳು ಇದೆ ಅಂತ ಅರ್ಥ.

ಬೋರುಗಳನ್ನು ಆರಾರರ ನಾಲ್ಕು ಗುಂಪು ಮಾಡಿ ಪ್ರತಿ ಗುಂಪಿಗೂ ವಾಲ್ವ್ ಕೊಡಿ. ಒಂದರಲ್ಲಿ ಸೋರಿಕೆ ಆದರೆ ಹದಿನೆಂಟು ಓಡುತ್ತಲೇ ಇರುತ್ತವೆ. ಬೋರುಗಳನ್ನು ಪ್ಲಾಂಟ್ ರೂಮಿಗೆ ಜೋಡಿಸುವ ಹೆಡರ್ ಪೈಪಿನ ಚರಂಡಿ ಎರೆ ಮಣ್ಣಿನಲ್ಲಿ ಎರಡು ಮೀಟರ್ ಆಳ ಇರಲಿ, ಸುತ್ತ ಮರಳು ಹಾಕಿ, ಮೇಲೆ ಗರಸು ತುಂಬಿ. ಎರೆಯನ್ನೇ ವಾಪಸ್ ತುಂಬಿದರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಪೈಪನ್ನು ಎಳೆದಾಡುತ್ತದೆ.

ಹೆಜ್ಜೆ 7: ಪ್ಲಾಂಟ್ ರೂಮ್

ಒಂದು ದೊಡ್ಡ ಯಂತ್ರದ ಬದಲು 15 ಟನ್ನಿನ ನಾಲ್ಕು ಹೀಟ್ ಪಂಪ್ ಇಡಿ. ಅವುಗಳ ಜೊತೆ ಬಿಸಿನೀರಿಗೆ ಪ್ರತ್ಯೇಕವಾಗಿ ಒಂದು. ನೆಲದ ಲೂಪಿಗೂ ಕೂಲಿಂಗ್ ಟವರಿಗೂ ನಡುವೆ, ನೀರು ಬೆರೆಯದಂತೆ ಬಿಸಿಯನ್ನು ಮಾತ್ರ ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರ್ ಇರಲೇಬೇಕು. ಟವರಿನ ಧೂಳು, ಉಪ್ಪು ಬೋರಿನ ಪೈಪಿಗೆ ಇಳಿಯಬಾರದು. ಚಳಿ ದೇಶದಲ್ಲಿ ಲೂಪಿಗೆ ಹೆಪ್ಪುಗಟ್ಟದ ದ್ರವ ಬೆರೆಸುತ್ತಾರೆ. ನಮಗೆ ಅದು ಬೇಕಿಲ್ಲ, ಶುದ್ಧ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕ ಸಾಕು. ಇದು ನಮಗೆ ದೊಡ್ಡ ಲಾಭ: ತಿಳಿನೀರು ತಿರುಗಿಸಲು ಪಂಪಿಗೆ ಕೆಲಸ ಕಡಿಮೆ. ನೂರು ಟನ್ನಿಗೆ 5ರಿಂದ 7 ಎಚ್‌ಪಿ ಪಂಪ್ ಅಂದರೆ ಒಳ್ಳೆಯ ಡಿಸೈನ್. 15 ದಾಟಿದರೆ ಉಳಿಸಿದ ಕರೆಂಟನ್ನು ಪಂಪೇ ತಿನ್ನುತ್ತದೆ.

ಹೆಜ್ಜೆ 8: ಚಾಲೂ ಮಾಡಿ, ರಿಜಿಸ್ಟರ್ ಇಡಿ

ಮೊದಲ ದಿನ ಲೂಪಿನ ಗಾಳಿ ಹೊರಗೆ ಹಾಕಬೇಕು. ಪ್ರತಿ ಪೈಪಿನಲ್ಲೂ ನೀರು ಸೆಕೆಂಡಿಗೆ 0.6 ಮೀಟರ್ ಓಡಬೇಕು, ಇಲ್ಲದಿದ್ದರೆ ಗುಳ್ಳೆ ಮೇಲೆ ಬರುವುದಿಲ್ಲ. ಅದಕ್ಕೆ ಬೇರೆ ದೊಡ್ಡ ಪಂಪ್ ಬಾಡಿಗೆಗೆ ತಂದು ಒಂದೊಂದೇ ಗುಂಪಿಗೆ ಹಚ್ಚಿ.

ಪ್ಲಾಂಟ್ ರೂಮಿನ ಗೋಡೆಗೆ ಒಂದು ರಿಜಿಸ್ಟರ್ ನೇತು ಹಾಕಿ. ಆಪರೇಟರ್ ದಿನಕ್ಕೆ ಎರಡು ಸಲ ಬರೆಯಲಿ: ನೆಲದಿಂದ ಬಂದ ನೀರು ಎಷ್ಟು ಡಿಗ್ರಿ, ನೆಲಕ್ಕೆ ಹೋದದ್ದು ಎಷ್ಟು, ಬಿಸಿ ಮೀಟರಿನ ಯೂನಿಟ್ ಎಷ್ಟು. ಹಾಕಿದ್ದಕ್ಕೆ ಒಂದು ಕಾಲಂ, ತೆಗೆದದ್ದಕ್ಕೆ ಇನ್ನೊಂದು.

ಯುಗಾದಿಗೆ ಮುಂಚಿನ ವಾರ ಒಂದು ರಾತ್ರಿ ನಿಲ್ಲಿಸಲು ಸಾಧ್ಯವಾಗುವ ಒಂದು ಬೋರ್ ಗುಂಪನ್ನು ಆರಿಸಿ, ಹನ್ನೆರಡು ಗಂಟೆ ಸುಮ್ನೆ ಬಿಡಿ. ಬೆಳಿಗ್ಗೆ ಬರೀ ಪಂಪ್ ಹಚ್ಚಿ ಬರುವ ನೀರಿನ ಡಿಗ್ರಿ ಬರೆದುಕೊಳ್ಳಿ. ಹೋದ ಯುಗಾದಿಯ ಅಂಕಿಯ ಪಕ್ಕದಲ್ಲಿ ಇಡಿ. ಅರ್ಧ ಡಿಗ್ರಿ ಹೆಚ್ಚಿದ್ದರೆ ಆ ಬೇಸಿಗೆಯಲ್ಲಿ ಟವರನ್ನು ದಿನಕ್ಕೆ ಒಂದು ಗಂಟೆ ಮೊದಲೇ ಚಾಲೂ ಮಾಡಿ. ಒಂದು ಡಿಗ್ರಿ ಹೆಚ್ಚಿದ್ದರೆ ಬರುವ ಚಳಿಗಾಲದಲ್ಲಿ ಡ್ರೈ ಕೂಲರನ್ನು ನವೆಂಬರ್ ನಡುವಿನಿಂದಲೇ ಹಚ್ಚಿ, ಶಿವರಾತ್ರಿಯವರೆಗೆ ನಿಲ್ಲಿಸಬೇಡಿ.